ಮೀನು ಬಿಟ್ಟರು, ನದಿಯನ್ನೇ ಕೈಬಿಟ್ಟರು

ಕಾವೇರಿಯ ಮಹಶೀರ್ ಮೀನಿಗೆ ಇನ್ನು ಭಯವಿಲ್ಲ, ಮರಿ ಬಿಟ್ಟಿದ್ದೇವೆ, ಸಂತತಿ ಹೆಚ್ಚಿದೆ ಎಂಬ ಮಾತು ದಶಕಗಳಿಂದ ನಮ್ಮ ನಡುವೆ ಓಡಾಡುತ್ತಿದೆ. ಅಧಿಕಾರಿಗಳು ಇದನ್ನು ಹೇಳುತ್ತಾರೆ, ಪತ್ರಿಕೆಗಳು ಅಚ್ಚು ಹಾಕುತ್ತವೆ, ನದಿಯ ಮೇಲೆ ಪ್ರೀತಿಯಿರುವ ಜನರೂ ಕೇಳಿ ಸಮಾಧಾನಪಡುತ್ತಾರೆ. ಮಳೆಗಾಲ ಬಂತೆಂದರೆ ಜನಪ್ರತಿನಿಧಿಗಳು ಹೊಳೆಯ ದಂಡೆಗೆ ಬಂದು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳ ಬಾಯಿ ಬಿಚ್ಚಿ, ಬೆರಳುದ್ದದ ಮರಿಗಳನ್ನು ನೀರಿಗೆ ಸುರಿಯುತ್ತಾರೆ. ಇಷ್ಟು ಲಕ್ಷ ಮರಿ ಬಿತ್ತನೆ ಎಂದು ಮರುದಿನ ಸುದ್ದಿಯಾಗುತ್ತದೆ. ಯಾವ ಜಾತಿಯ ಮರಿ, ಯಾವ ನದಿಯ ಸಂತಾನ, ಈ ನೀರಿಗೆ ಅದು ಸೇರಿದ್ದೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ.

ನಾನು ಆ ಪ್ರಶ್ನೆ ಕೇಳುತ್ತಿದ್ದೇನೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಒಂದು ಮಹಶೀರ್ ಇದೆ. ಬೆನ್ನ ಮೇಲೆ ತಲೆಯ ಹಿಂದಿನಿಂದಲೇ ಏರುವ ಗೂನು, ಕಿತ್ತಳೆ ಬಣ್ಣದ ಈಜುರೆಕ್ಕೆ, ಅಂಗೈ ಅಗಲದ ಹುರುಪೆ, ಐವತ್ತು ಕಿಲೋ ದಾಟಬಲ್ಲ ಮೈ. ವಿಜ್ಞಾನಿಗಳು ಅದನ್ನು ಟಾರ್ ರೆಮಾದೇವಿ ಎನ್ನುತ್ತಾರೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2018ರಲ್ಲಿ ಅದನ್ನು ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಪಟ್ಟಿಗೆ ಸೇರಿಸಿತು. ಕಾಡಿನಲ್ಲಿ, ಹೊಳೆಯಲ್ಲಿ ಜೀವಿಯೊಂದು ಇಲ್ಲವಾಗುವುದಕ್ಕೆ ಮುಂಚಿನ ಕೊನೆಯ ಮೆಟ್ಟಿಲು ಅದು. ನಾವು ಹೆಮ್ಮೆಯಿಂದ ‘ಹೆಚ್ಚಿದೆ’ ಎಂದು ಹೇಳಿಕೊಳ್ಳುತ್ತಿರುವ ಮಹಶೀರ್ ಈ ಮೀನಲ್ಲ. ಇದರ ಜಾಗಕ್ಕೆ ನಾವೇ ತಂದು ಬಿಟ್ಟ ಬೇರೊಂದು ಮೀನು.

ತಂದು ಬಿಟ್ಟದ್ದು ಎಲ್ಲಿಂದ? ಪುಣೆಯ ಮುಳಾ ಮುಠಾ ನದಿಯ ಮೀನನ್ನು ನೋಡಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1839ರಲ್ಲಿ ವಿವರಿಸಿದ ಟಾರ್ ಖುದ್ರೀ, ಅಂದರೆ ನೀಲಿ ಈಜುರೆಕ್ಕೆಯ ಮಹಶೀರ್, ಕೃಷ್ಣಾ ಕೊಳ್ಳದ ಮೀನು. 1970ರ ದಶಕದಲ್ಲಿ ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರ ಇದನ್ನು ಕೃತಕವಾಗಿ ಮರಿ ಮಾಡಿಸುವುದರಲ್ಲಿ ಗೆದ್ದಿತು. ಅಲ್ಲಿಂದ ಮುಂದೆ ಮರಿಗಳು ಲಕ್ಷಗಟ್ಟಲೆ ಹೊರಟವು. ದೇಶದ ಹಲವು ರಾಜ್ಯಗಳ ಹೊಳೆ, ಕೆರೆ, ಜಲಾಶಯಗಳನ್ನು ಸೇರಿದವು. ಕಾವೇರಿಯನ್ನೂ ಸೇರಿದವು. ಮಹಶೀರ್ ಎಂದರೆ ಮಹಶೀರ್, ಎಲ್ಲವೂ ಒಂದೇ ಎಂಬ ಧೋರಣೆಯಲ್ಲಿ ಈ ಕೆಲಸ ನಡೆಯಿತು. ಕಾವೇರಿಯ ಗೂನುಬೆನ್ನಿನ ಮೀನಿಗೆ ಆಗಿನ್ನೂ ಸರಿಯಾದ ವೈಜ್ಞಾನಿಕ ಗುರುತೇ ಇರಲಿಲ್ಲ. ಗುರುತಿಲ್ಲದ ಮೀನಿನ ಮನೆಗೆ ಗುರುತಿರುವ ಮೀನನ್ನು ನುಗ್ಗಿಸಿ, ಅದಕ್ಕೆ ಸಂರಕ್ಷಣೆ ಎಂದು ಹೆಸರಿಟ್ಟರು.

ಬಂಡೀಪುರದಲ್ಲಿ ಹುಲಿ ಕಡಿಮೆಯಾಯಿತೆಂದು ಯಾರಾದರೂ ಅಲ್ಲಿಗೆ ನೂರಾರು ಚಿರತೆಗಳನ್ನು ತಂದು ಬಿಟ್ಟು, ದೊಡ್ಡ ಬೆಕ್ಕುಗಳ ಸಂಖ್ಯೆ ಹೆಚ್ಚಿತು ಎಂದು ವರದಿ ಕೊಟ್ಟಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಬೋನಿನಲ್ಲಿ ಮರಿ ಹಾಕಿಸಿ ಕಾಡಿಗೆ ಅಟ್ಟಿ ಎಂದು ಯಾರೂ ಹೇಳಲಿಲ್ಲ. ಕಾಡನ್ನು ಕಾಯಿರಿ, ಬೇಟೆ ನಿಲ್ಲಿಸಿ, ಜಿಂಕೆ ಕಾಟಿಗಳು ಉಳಿಯಲಿ, ಹುಲಿ ತಾನಾಗಿ ಉಳಿಯುತ್ತದೆ ಎಂದರು. ಹಾಗೇ ಆಯಿತು. ಮಹಶೀರ್ ಅನ್ನು ನೀರಿನ ಹುಲಿ ಎಂದು ಹೊಗಳುವ ನಾವು ಅದರ ವಿಷಯದಲ್ಲಿ ಮಾತ್ರ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದದ್ದೇಕೆ? ನೆಲದ ಮೇಲಿನ ಪ್ರಾಣಿಗೆ ಕಾಡು ಬೇಕು ಎಂದು ಅರ್ಥವಾಗುವ ನಮಗೆ ನೀರೊಳಗಿನ ಪ್ರಾಣಿಗೆ ನದಿ ಬೇಕು ಎಂದು ಅರ್ಥವಾಗುವುದಿಲ್ಲವೇ?

ಈ ಮೀನು ಎಂಥದ್ದಾಗಿತ್ತು ಎಂಬುದಕ್ಕೆ ದಾಖಲೆಗಳಿವೆ. ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ಹದ ಮಾಡಿ ಒಳಗೆ ತುಂಬುವ ಕೆಲಸಕ್ಕೆ ಹೆಸರಾಗಿದ್ದ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಈಗಿನ ಲೆಕ್ಕದಲ್ಲಿ 54 ಕಿಲೋಗೂ ಹೆಚ್ಚು. ಗಾಳದಲ್ಲಿ ಸಿಕ್ಕ ಮಹಶೀರ್‌ಗಳಲ್ಲೆಲ್ಲ ಅದೇ ದೊಡ್ಡದು ಎಂದು ಇಂದಿಗೂ ಹೇಳುತ್ತಾರೆ. 1873ರಲ್ಲಿ ಎಚ್. ಎಸ್. ಥಾಮಸ್ ಬರೆದ ಗಾಳದ ಪುಸ್ತಕ ಬಂದಾಗಿನಿಂದ ದಕ್ಷಿಣದ ಹೊಳೆಗಳ ಮಹಶೀರ್ ಇಂಗ್ಲಿಷರ ಕನಸಿನ ಮೀನಾಗಿತ್ತು. 1970ರ ದಶಕದ ಕೊನೆಗೆ ಮೂವರು ಇಂಗ್ಲಿಷ್ ಗಾಳಗಾರರು ಕಾವೇರಿಗೆ ಬಂದು ದೈತ್ಯ ಮೀನುಗಳನ್ನು ಹಿಡಿದು ಬಿಟ್ಟ ಮೇಲೆ ಜಗತ್ತಿಗೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳ ಹೆಸರು ಗೊತ್ತಾಯಿತು. ರಾಗಿ ಹಿಟ್ಟು ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸಿ, ತೆಪ್ಪದಲ್ಲಿ ಕೂತು ಗಂಟೆಗಟ್ಟಲೆ ಕಾಯುವ ಆ ಗಾಳಗಾರಿಕೆಯಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೇ ಬಿಡುತ್ತಿದ್ದರು.

ಆ ಬರೆದಿಟ್ಟ ಲೆಕ್ಕವೇ ಇವತ್ತು ನಮ್ಮ ವಿರುದ್ಧ ಸಾಕ್ಷಿ ಹೇಳುತ್ತಿದೆ. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ 23,620 ಗಂಟೆಗಳ ಗಾಳಗಾರಿಕೆಯಲ್ಲಿ ಸಿಕ್ಕ 6,161 ಮಹಶೀರ್‌ಗಳ ದಾಖಲೆಯನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಆ ವರ್ಷಗಳಲ್ಲಿ ಗಾಳಕ್ಕೆ ಸಿಗುವ ಮೀನುಗಳ ಸಂಖ್ಯೆ ಏರುತ್ತ ಹೋಗಿತ್ತು, ಸರಾಸರಿ ತೂಕ ಇಳಿಯುತ್ತ ಬಂದಿತ್ತು. ಏರಿದ ಸಂಖ್ಯೆ ನೀಲಿ ಈಜುರೆಕ್ಕೆಯದು. ಗೂನುಬೆನ್ನು ಕ್ರಮೇಣ ಕಾಣೆಯಾಗಿತ್ತು. ಸಿಕ್ಕ ಕೆಲವೂ ಬಹುಪಾಲು ದೊಡ್ಡವು, ವಯಸ್ಸಾದವು. ಅದರ ಅರ್ಥ ಹಳ್ಳಿಯ ಯಾವ ಮೀನುಗಾರನಿಗೂ ತಿಳಿಯುತ್ತದೆ. ಮುದುಕರಷ್ಟೇ ಉಳಿದು ಮಕ್ಕಳೇ ಹುಟ್ಟದ ಊರು ಎಷ್ಟು ಕಾಲ ಬಾಳೀತು?

ಇದನ್ನು ಓದಿದ ಮೇಲೂ ‘ಮಹಶೀರ್ ಹೆಚ್ಚಿದೆ’ ಎನ್ನುವವರು ಯಾರನ್ನು ಮೋಸಗೊಳಿಸುತ್ತಿದ್ದಾರೆ? ಒಟ್ಟು ಸಂಖ್ಯೆಯೊಂದನ್ನೇ ನೋಡಿದ್ದರೆ ಗಾಳಿಬೋರೆಯ ದಾಖಲೆ ಭಾರೀ ಯಶಸ್ಸಿನ ಕತೆಯಾಗಿ ಕಾಣುತ್ತಿತ್ತು. ಜಾತಿ ಬೇರ್ಪಡಿಸಿ ನೋಡಿದಾಗಷ್ಟೇ ದುರಂತ ಕಣ್ಣಿಗೆ ಬಿತ್ತು. ಬಿತ್ತನೆಯ ಅಪಾಯ ಇಲ್ಲೇ ಇದೆ. ಸಾಯುತ್ತಿರುವ ಮೀನಿನ ಮೇಲೆ ಹೊಸ ಮೀನಿನ ಪರದೆ ಎಳೆದು, ಸಾವು ಯಾರಿಗೂ ಕಾಣದಂತೆ ಅದು ಮಾಡುತ್ತದೆ. ನದಿ ಬರಿದಾಗಿದ್ದರೆ ಜನ ಗಾಬರಿಯಾಗುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ನೀರಲ್ಲಿ ಮೀನು ಕುಣಿಯುತ್ತಿರುವಾಗ ಯಾರು ಕೇಳುತ್ತಾರೆ? ಎರಡೂ ಮೀನಿಗೆ ಬೇಕಾದದ್ದು ಅದೇ ಆಳದ ಮಡು, ಅದೇ ಆಹಾರ, ಮೊಟ್ಟೆಯಿಡಲು ಅದೇ ನುರುಜುಗಲ್ಲಿನ ಹಾಸು. ಒಂದಕ್ಕೆ ಹೊರಗಿನಿಂದ ಮತ್ತೆ ಮತ್ತೆ ಸೈನ್ಯ ಬರುತ್ತಿದ್ದರೆ ಮತ್ತೊಂದರ ಗತಿ ಏನಾಗಬೇಕು? ಸಂಬಂಧಿಗಳಾದ ಈ ಎರಡು ಜಾತಿ ಬೆರೆತು ಗೂನುಬೆನ್ನಿನ ವಂಶವೇ ಕಲಬೆರಕೆಯಾಗುವ ಅಪಾಯವೂ ತಲೆಯ ಮೇಲೆ ತೂಗುತ್ತಿದೆ.

ಗುರುತಿನ ವಿಷಯಕ್ಕೆ ಮರಳಿ ಬರುತ್ತೇನೆ, ಏಕೆಂದರೆ ಅದರಲ್ಲಿ ನಮ್ಮ ಅಸಡ್ಡೆಯ ಅಳತೆ ಸಿಗುತ್ತದೆ. ಒಂದೂವರೆ ಶತಮಾನ ಈ ಮೀನಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರಿದ್ದಾರೆ. ಪ್ರವಾಸೋದ್ಯಮ ಅದರ ಹೆಸರಿನಲ್ಲಿ ಹಣ ಮಾಡಿದೆ. ಆದರೆ ಇದು ಯಾವ ಮೀನು ಎಂದು ಖಚಿತವಾಗಿ ಹೇಳಲು 2018ರವರೆಗೆ ಕಾಯಬೇಕಾಯಿತು. ಕೇರಳದ ಚಿನ್ನಾರ್ ಕಾಡಿನಲ್ಲಿ ಹರಿದು ಅಮರಾವತಿಯ ಮೂಲಕ ಕಾವೇರಿ ಸೇರುವ ಪಾಂಬಾರ್ ಎಂಬ ಚಿಕ್ಕ ಹೊಳೆಯ ಎಳೆಯ ಮೀನುಗಳನ್ನು ನೋಡಿ 2007ರಲ್ಲಿ ಕುರುಪ್ ಮತ್ತು ರಾಧಾಕೃಷ್ಣನ್ ಹೊಸ ಜಾತಿಯೊಂದನ್ನು ವಿವರಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ವಿಜ್ಞಾನಿ ರೆಮಾದೇವಿ ಅವರ ಹೆಸರಿಟ್ಟಿದ್ದರು. ತಮಿಳುನಾಡಿನ ಮೊಯಾರ್ ಹೊಳೆಯಲ್ಲಿ ಸಿಕ್ಕ ಗೂನುಬೆನ್ನಿನ ಮೀನುಗಳನ್ನು ಪರೀಕ್ಷಿಸಿದಾಗ ಎರಡೂ ಒಂದೇ ಎಂದು ತಿಳಿಯಿತು. ಮೊಯಾರ್‌ಗೇ ಹೋಗಬೇಕಾದದ್ದು ಏಕೆ? ಗೂನುಬೆನ್ನಿನ ತವರು ಎನಿಸಿದ್ದ ಕಾವೇರಿಯ ಮುಖ್ಯ ಹರಿವಿನಲ್ಲಿ ಅದು ಅಷ್ಟು ಅಪರೂಪವಾಗಿ ಹೋಗಿತ್ತು. ಬಂಡೀಪುರದ ಗಡಿಯಲ್ಲಿ ಕಂದರ ಕೊರೆದು ಹರಿಯುವ ಆ ಕಾಡುಹೊಳೆ ಈಗ ಅದರ ಕೊನೆಯ ಕೋಟೆಗಳಲ್ಲೊಂದು.

ಈಗ ಬಿತ್ತನೆಯ ಪರ ವಾದಿಸುವವರ ಎರಡನೆಯ ಸಾಲು ಬರುತ್ತದೆ. ಆಯಿತು, ತಪ್ಪು ಮೀನು ಬಿಟ್ಟೆವು, ಇನ್ನು ಮುಂದೆ ಗೂನುಬೆನ್ನಿನ ಮರಿಗಳನ್ನೇ ಮಾಡಿಸಿ ಬಿಡೋಣ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಬಿಡುವುದು ಎಲ್ಲಿಗೆ?

ಮಹಶೀರ್ ಕೆರೆಯ ಮೀನಲ್ಲ. ಗಂಡು ಹೆಣ್ಣುಗಳಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುವ ವಿದ್ಯೆಯನ್ನು 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಸಾಧಿಸಿದಾಗ ಅದು ಕೊಳದಲ್ಲಿ ಮೀನು ಸಾಕುವ ರೈತನ ಬದುಕು ಬದಲಿಸಿತು. ಆ ಸಾಧನೆಗೆ ನನ್ನ ಗೌರವವಿದೆ. ಆದರೆ ಅದು ಸಾಕಣೆಯ ವಿದ್ಯೆ. ನದಿಯನ್ನು ಬದುಕಿಸುವ ವಿದ್ಯೆಯಲ್ಲ. ನದಿಯಲ್ಲಿ ಮಹಶೀರ್ ಮುಂಗಾರಿನ ಹೊಸನೀರು ಬಂದಾಗ ಎದ್ದು ಹೊಳೆಯ ಮೇಲಕ್ಕೆ ಏರುತ್ತದೆ. ಮಲೆನಾಡಿನವರು ಹತ್ತುಮೀನು ಎನ್ನುತ್ತಾರಲ್ಲ, ಆ ಏರಾಟ ಹಲವು ಜಾತಿಗಳ ಬದುಕಿನ ಮುಖ್ಯ ಘಟ್ಟ. ಮಣ್ಣು ಕುಳಿತಿರದ, ಆಮ್ಲಜನಕ ತುಂಬಿದ ನೀರು ಸದಾ ಹಾಯುವ ನುರುಜುಗಲ್ಲಿನ ಮೇಲೆ ಅದು ಮೊಟ್ಟೆಯಿಡಬೇಕು. ಇತರ ಗೆಂಡೆಗಳಿಗೆ ಹೋಲಿಸಿದರೆ ಮೊಟ್ಟೆ ಕಡಿಮೆ, ಬೆಳೆದು ಪ್ರಾಯಕ್ಕೆ ಬರುವುದು ತಡ. ಇಂಥ ಮೀನು ಒಮ್ಮೆ ಸೋತರೆ ಚೇತರಿಸಿಕೊಳ್ಳಲು ವರ್ಷಗಳಲ್ಲ, ದಶಕಗಳು ಬೇಕು. ಹೊಸನೀರು, ಏರಲು ತೆರೆದ ದಾರಿ, ಶುದ್ಧವಾದ ಕಲ್ಲುಹಾಸು, ಬೇಸಿಗೆಗೆ ಆಳದ ಮಡು, ಇವುಗಳಲ್ಲಿ ಒಂದನ್ನಾದರೂ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತರಲು ಬರುತ್ತದೆಯೇ?

ಹೊಸನೀರಿನ ಕತೆ ನೋಡಿ. ಹಾರಂಗಿ, ಹೇಮಾವತಿ, ಕೃಷ್ಣರಾಜಸಾಗರ, ಕಬಿನಿ ಎಂದು ನಾಲ್ಕು ದೊಡ್ಡ ಅಣೆಕಟ್ಟುಗಳು ಮುಂಗಾರಿನ ಮೊದಲ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಣೆಕಟ್ಟು ತುಂಬಿದ ಮೇಲೆ ಉಳಿದದ್ದು ಕೆಳಗೆ ಹರಿಯುತ್ತದೆ. ಕೆಳಗೆ ಎಷ್ಟು ಹರಿಯಬೇಕು ಎಂಬುದು ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆಯುವ ಲೆಕ್ಕ. ಸುಪ್ರೀಂ ಕೋರ್ಟ್ 2018ರಲ್ಲಿ ನಿಗದಿಪಡಿಸಿದ್ದು ವರ್ಷಕ್ಕೆ 177.25 ಟಿಎಂಸಿ. ಅದರಲ್ಲಿ ಜೂನ್ ತಿಂಗಳ ಪಾಲು 9.19 ಟಿಎಂಸಿ, ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿ, ಅಂದರೆ ಸುಮಾರು ಸಾವಿರ ಕ್ಯೂಸೆಕ್. ಶಿವನಸಮುದ್ರದ ಕೆಳಗಿನಿಂದ ಬಿಳಿಗುಂಡ್ಲುವರೆಗೆ, ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ, ಸಂಗಮ, ಮೇಕೆದಾಟು ಎಂದು ಹಾಯುವ ಹರಿವೇ ಗೂನುಬೆನ್ನಿನ ಮನೆ. ಎರಡು ರಾಜ್ಯಗಳು, ಕಾವೇರಿ ನ್ಯಾಯಮಂಡಳಿ, ಸುಪ್ರೀಂ ಕೋರ್ಟ್, ನಿರ್ವಹಣಾ ಪ್ರಾಧಿಕಾರ ಎಲ್ಲ ಸೇರಿ ಹನಿ ಹನಿ ಅಳೆಯುವ ಈ ನೀರಿನಲ್ಲಿ, ಆ ನೀರಲ್ಲೇ ಬದುಕುವ ಜೀವಿಯ ವಕಾಲತ್ತು ಯಾರು ವಹಿಸಿದರು? ಕರ್ನಾಟಕದ ವಕೀಲರು ಮಂಡ್ಯದ ಭತ್ತದ ಮಾತಾಡಿದರು, ತಮಿಳುನಾಡಿನವರು ತಂಜಾವೂರಿನ ಭತ್ತದ ಮಾತಾಡಿದರು. ಮೀನಿನ ಮಾತಾಡಿದವರು ಯಾರು?

2007ರ ಅಂತಿಮ ತೀರ್ಪಿನಲ್ಲಿ ನ್ಯಾಯಮಂಡಳಿ 740 ಟಿಎಂಸಿಯನ್ನು ಹಂಚುವಾಗ ಪರಿಸರಕ್ಕೆಂದು 10 ಟಿಎಂಸಿ ಎತ್ತಿಟ್ಟಿತು. ಎಂಟುನೂರು ಕಿಲೋಮೀಟರ್ ಹರಿಯುವ ನದಿಯ ಜೀವರಾಶಿಗೆಲ್ಲ ಸೇರಿ ಅಷ್ಟು. 2024ರ ಅಕ್ಟೋಬರಿನಲ್ಲಿ ಚಾಲನೆಯಾದ ಬೆಂಗಳೂರಿನ ಕಾವೇರಿ ಐದನೇ ಹಂತದ ಯೋಜನೆ ದಿನಕ್ಕೆ 77.5 ಕೋಟಿ ಲೀಟರ್ ಎತ್ತುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಅದೂ ಸುಮಾರು 10 ಟಿಎಂಸಿ. ಒಂದು ನಗರದ ಒಂದು ಹಂತದ ಕೊಳವೆಗೆ ಕೊಟ್ಟಷ್ಟನ್ನೇ ಇಡೀ ನದಿಯ ಉಸಿರಿಗೆ ಕೊಟ್ಟಿದ್ದೇವೆ. ಬೆಂಗಳೂರಿನ ಜನ ನೀರು ಕುಡಿಯಬಾರದು ಎಂದು ಯಾರೂ ಹೇಳುವುದಿಲ್ಲ, ನಾನಂತೂ ಹೇಳುವುದಿಲ್ಲ. ಆದರೆ ಕುಡಿದ ಮೇಲೆ ಆ ನಗರ ಕಾವೇರಿಗೆ ಏನನ್ನು ಹಿಂತಿರುಗಿಸುತ್ತಿದೆ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಹಿಂತಿರುಗಿಸುತ್ತಿರುವುದು ಕೊಳಚೆ. ಬೆಂಗಳೂರಿನ ಒಡಲಲ್ಲೇ ಹುಟ್ಟುವ ವೃಷಭಾವತಿ ನಗರದ ಒಂದು ದೊಡ್ಡ ಭಾಗದ ಮಲಮೂತ್ರವನ್ನೂ ಕಾರ್ಖಾನೆಗಳ ಕಸವನ್ನೂ ಹೊತ್ತು, ಬಿಡದಿ ಬಳಿಯ ಬೈರಮಂಗಲ ಕೆರೆಯಲ್ಲಿ ನೊರೆಯುಕ್ಕಿಸಿ, ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಅಂದರೆ ಕಾವೇರಿ ವನ್ಯಧಾಮದ ನಡುಮಧ್ಯದಲ್ಲಿ, ಗೂನುಬೆನ್ನಿನ ಮನೆಯ ಒಳಗೇ. 1987ರಲ್ಲಿ ಘೋಷಣೆಯಾಗಿ, 2013ರಲ್ಲಿ ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾಗಿ ಹಿಗ್ಗಿದ ಈ ವನ್ಯಧಾಮಕ್ಕೆ ನದಿಯ ಹೆಸರನ್ನೇ ಇಟ್ಟಿದ್ದಾರೆ. ಅದರೊಳಗೆ ಒಂದು ಕಡ್ಡಿ ಮುರಿದರೂ ಅಪರಾಧ. ಮಹಾನಗರದ ಚರಂಡಿ ಹಗಲು ರಾತ್ರಿ ಒಳಗೆ ಹರಿದರೆ ಅದು ಯಾರ ಅಪರಾಧವೂ ಅಲ್ಲ. ಆ ನೀರಿನಲ್ಲಿ ಮೊಟ್ಟೆ ಒಡೆದು ಮರಿ ಹೊರಬರಬೇಕು ಎಂದು ಬಯಸುವವರು ಮೊದಲು ಆ ನೀರಿನ ಒಂದು ಬೊಗಸೆ ಎತ್ತಿ ಮೂಸಿ ನೋಡಲಿ.

ಇದಕ್ಕೆ ಸೇರಿಸಿ ಮರಳು ತೆಗೆಯುವವರನ್ನು, ಸಿಡಿಮದ್ದು ಎಸೆದು ಇಡೀ ಮಡುವಿನ ಮೀನನ್ನು ಒಂದೇ ಏಟಿಗೆ ಕೊಲ್ಲುವವರನ್ನು, ಶಿವನಸಮುದ್ರದ ಆಸುಪಾಸಿನಲ್ಲಿ ಯಂತ್ರದ ಅಗತ್ಯಕ್ಕೆ ತಕ್ಕಂತೆ ನೀರು ಹಿಡಿದು ಬಿಡುವ ಕಿರು ಜಲವಿದ್ಯುತ್ ಘಟಕಗಳನ್ನು. ಬೆಳಿಗ್ಗೆ ಮೊಣಕಾಲುದ್ದ ನೀರು, ಸಂಜೆ ಬರೀ ಬಂಡೆ ಎಂಬ ಹೊಳೆಯಲ್ಲಿ ದಂಡೆಯ ಬಳಿಯ ಮೊಟ್ಟೆ, ಮರಿಗಳು ಒಣಗಿ ಸಾಯದೆ ಇನ್ನೇನಾಗುತ್ತವೆ? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ್ದನ್ನು ನಾವು ಈಗಲೂ ಅಭಿಮಾನದಿಂದ ನೆನೆಯುತ್ತೇವೆ. ಆ ಅಭಿಮಾನದ ಬೆಲೆ ಯಾರು ಕಟ್ಟಿದರು ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಕು.

ಮೇಕೆದಾಟು ಅಣೆಕಟ್ಟು ಯೋಜನೆಯ ಬಗ್ಗೆ ಮಾತಾಡದೆ ಈ ಲೇಖನ ಮುಗಿಯುವಂತಿಲ್ಲ. ಅದು ಹಿತವಾದ ಮಾತಲ್ಲ ಎಂದು ಗೊತ್ತು. 67 ಟಿಎಂಸಿ ಹಿಡಿಯುವ ಜಲಾಶಯ, 400 ಮೆಗಾವಾಟ್ ವಿದ್ಯುತ್, ಸುಮಾರು 5,000 ಹೆಕ್ಟೇರ್ ಮುಳುಗಡೆ. ಮುಳುಗುವುದರಲ್ಲಿ ಬಹುಪಾಲು ವನ್ಯಧಾಮ ಮತ್ತು ಮೀಸಲು ಅರಣ್ಯ. ಯೋಜನೆ ಬೇಕು ಎನ್ನುವುದರಲ್ಲಿ ನಮ್ಮ ಯಾವ ಪಕ್ಷಕ್ಕೂ ಭಿನ್ನಾಭಿಪ್ರಾಯವಿಲ್ಲ. 2022ರಲ್ಲಿ ಅದಕ್ಕಾಗಿ ಪಾದಯಾತ್ರೆಯೂ ನಡೆಯಿತು. ಬೇಡ ಎಂದವರನ್ನು ತಮಿಳುನಾಡಿನ ಪರ ಎಂದು ಹೀಗಳೆಯುವುದೂ ರೂಢಿಯಾಗಿದೆ. ನಾನು ತಮಿಳುನಾಡಿನ ಪರವಾಗಿ ಮಾತಾಡುತ್ತಿಲ್ಲ. ಸಂಗಮದಿಂದ ಮೇಕೆದಾಟುವರೆಗಿನ ಹೊಳೆಯ ಪರವಾಗಿ ಮಾತಾಡುತ್ತಿದ್ದೇನೆ, ಅದು ಕರ್ನಾಟಕದ್ದೇ. ರಭಸದಿಂದ ಹರಿಯುವ ನೀರಿನ ಮೀನಿಗೆ ಉಳಿದಿರುವ ಹರಿವನ್ನು ನಿಂತ ನೀರಾಗಿ ಮಾಡಿದ ಮೇಲೆ ಅಲ್ಲಿ ಬಾಳುವುದು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮತ್ತು ಯಾರೂ ಬಿತ್ತದಿದ್ದರೂ ತಾನೇ ತಾನಾಗಿ ಹೆಚ್ಚುವ ಜಿಲೇಬಿ ಮೀನು. ಆಗಲೂ ದಂಡೆಯಲ್ಲಿ ಸಮಾರಂಭ ನಡೆಯುತ್ತದೆ. ಆಗಲೂ ಲಕ್ಷ ಮರಿಗಳ ಲೆಕ್ಕ ಬರುತ್ತದೆ. ಮುಳುಗಡೆಗೆ ಪರಿಹಾರವಾಗಿ ಮಹಶೀರ್ ಮರಿ ಕೇಂದ್ರವೊಂದನ್ನು ತೆರೆಯುತ್ತೇವೆ ಎಂಬ ಭರವಸೆಯನ್ನು ಯೋಜನಾ ವರದಿಗೆ ಅಂಟಿಸುವುದು ಎಷ್ಟು ಸುಲಭ! ಬಿತ್ತನೆಯನ್ನು ಸಂರಕ್ಷಣೆ ಎಂದು ಒಪ್ಪಿಕೊಂಡ ದಿನವೇ ನಾವು ಇಂಥ ಪ್ರತಿಯೊಂದು ಯೋಜನೆಗೂ ಅನುಮತಿ ಪತ್ರ ಬರೆದುಕೊಟ್ಟಂತಾಯಿತು. ಹೊಳೆ ಹೋದರೆ ಹೋಗಲಿ, ಮೀನನ್ನು ತೊಟ್ಟಿಯಲ್ಲಿ ಸಾಕೋಣ ಎಂಬ ಮಾತಿಗೆ ಎದುರಾಡುವ ಬಲವನ್ನೇ ಕಳೆದುಕೊಂಡೆವು.

ಇದು ನಮಗೆ ಹೊಸ ತಪ್ಪೂ ಅಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದಿಂದ ಮಲೆನಾಡಿನವರೆಗೆ ನೀಲಗಿರಿ, ಅಕೇಶಿಯಾ ನೆಟ್ಟು, ಹಸಿರು ಹೊದಿಕೆ ಹೆಚ್ಚಿತು ಎಂದು ಅಂಕಿ ಕೊಟ್ಟೆವು. ಹಸಿರು ಹೆಚ್ಚಿತ್ತು, ನಿಜ. ಕಾಡು ಹೆಚ್ಚಿರಲಿಲ್ಲ. ಹಕ್ಕಿ ಕೂರದ, ಅಡಿಯಲ್ಲಿ ಹುಲ್ಲು ಬೆಳೆಯದ ಆ ತೋಪುಗಳ ಪಾಠ ಕಲಿಯಲು ಮೂರು ದಶಕ ಹಿಡಿಯಿತು. ನೀರಿನೊಳಗೆ ಅದೇ ಪಾಠ ಕಲಿಯಲು ಅಷ್ಟು ಸಮಯ ಗೂನುಬೆನ್ನಿನ ಬಳಿ ಇಲ್ಲ.

ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಪುರಿ ಎರಚಿ, ಮುಗಿಬೀಳುವ ಮೀನುಗಳನ್ನು ಕಂಡವರಿಗೆ ಮಹಶೀರ್ ಅಳಿವಿನಲ್ಲಿದೆ ಎಂದರೆ ನಂಬಿಕೆಯಾಗುವುದಿಲ್ಲ. ಅದೂ ಈ ನೆಮ್ಮದಿಯ ಒಂದು ಮೂಲ. ತುಂಗೆಯ ಮೀನು ಕೃಷ್ಣಾ ಕೊಳ್ಳದ್ದು. ಶಿಶಿಲದ ಕಪಿಲಾ, ಸುಬ್ರಹ್ಮಣ್ಯದ ಕುಮಾರಧಾರೆಗಳ ಪೆರುವೋಳು ಎಂಬ ಮಹಶೀರ್ ಪಡುವಣಕ್ಕೆ ಹರಿಯುವ ಹೊಳೆಗಳದ್ದು. ಅವು ಸುಖವಾಗಿರಲಿ. ಆದರೆ ಅವುಗಳ ಸುಖ ಕಾವೇರಿಯ ಮೀನಿನ ಸಾವಿಗೆ ಉತ್ತರವಾಗುವುದಿಲ್ಲ. ಇಂಥ ದೇವರ ಮೀನಿನ ಕ್ಷೇತ್ರಗಳಿಂದ ನಾವು ಕಲಿಯಬೇಕಾದದ್ದು ಬೇರೆಯದೇ ಇದೆ. ಕೃತಕ ಮರಿ ಕೇಂದ್ರಗಳು ಹುಟ್ಟುವ ಎಷ್ಟೋ ಮೊದಲೇ, ಊರಿನವರು ಹೊಳೆಯ ಒಂದು ತುಂಡಿನಲ್ಲಿ ಯಾರೂ ಬಲೆ ಬೀಸಬಾರದು ಎಂದು ಕಟ್ಟು ಮಾಡಿ ಕಾದರು, ಮೀನು ಉಳಿಯಿತು. 1996ರಲ್ಲಿ ಶಿಶಿಲದ ಮೀನುಗಳಿಗೆ ವಿಷವಿಕ್ಕಿ ಸಾವಿರಾರು ಮೀನುಗಳನ್ನು ಕೊಂದಾಗ ಆ ಊರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿತು, ಮತ್ತೆ ಹೊಳೆ ಕಾಯಲು ನಿಂತಿತು. ಕಾವೇರಿಯ ದಂಡೆಯಲ್ಲೇ ರಾಮನಾಥಪುರದಲ್ಲಿ ಮತ್ಸ್ಯಧಾಮವಿದೆ. ಜಾಗ ಕಾದರೆ ಜೀವ ಉಳಿಯುತ್ತದೆ ಎಂಬ ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ಇರುವಾಗ ಸರ್ಕಾರದ ಕಡತಗಳಲ್ಲಿ ಯಾಕಿಲ್ಲ?

ಬಿತ್ತನೆ ನಿಲ್ಲಿಸಿದರೆ ಮೀನುಗಾರರ ಹೊಟ್ಟೆಗೆ ಏನು ಎಂಬ ಪ್ರಶ್ನೆಯನ್ನು ಮುಂದಿಡುವವರಿದ್ದಾರೆ. ಜಲಾಶಯದಲ್ಲಿ ಸಹಕಾರ ಸಂಘಗಳ ಮೀನುಗಾರಿಕೆಗೆ ಕಾಟ್ಲಾ ಮರಿ ಬೇಕಾದರೆ ಅದಕ್ಕೆ ಉತ್ಪಾದನೆ ಎಂದು ಹೆಸರಿಟ್ಟು, ಆ ಲೆಕ್ಕದಲ್ಲೇ ಮಾಡಲಿ. ಅದನ್ನು ನದಿಯ ರಕ್ಷಣೆ ಎಂದು ಕರೆಯುವುದು ಬೇಡ. ಮೇಲಾಗಿ, ಹೊಳೆ ಕೊಳೆತಾಗ ಮೊದಲು ಹಸಿದವರು ಇದೇ ಮೀನುಗಾರರು. ಗಾಳದ ಶಿಬಿರಗಳು ನಡೆಯುತ್ತಿದ್ದಾಗ ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಮಾರ್ಗದರ್ಶಿಗಳಾಗಿ, ಕಾವಲುಗಾರರಾಗಿ ದುಡಿದರು. ಒಂದೊಂದು ಮಡುವನ್ನೂ ಹೆಸರಿಟ್ಟು ಬಲ್ಲವರು ಅವರು. ವನ್ಯಜೀವಿ ಕಾನೂನಿನಡಿ ಶಿಬಿರಗಳಲ್ಲಿ ಗಾಳ ಹಾಕುವುದು ನಿಂತ ಮೇಲೆ ಆ ಜ್ಞಾನಕ್ಕೆ ಇನ್ನೊಂದು ಕೆಲಸ ಕೊಡುವ ಯೋಚನೆ ಸರ್ಕಾರಕ್ಕೆ ಹೊಳೆಯಲಿಲ್ಲ. ಗಾಳದ ಜೊತೆ ಹದಿನೈದು ವರ್ಷ ಬರೆದಿಟ್ಟ ಲೆಕ್ಕವೂ ನಿಂತಿತು. ಅದರ ಬದಲಿಗೆ ಮೀನನ್ನು ಎಣಿಸುವ ವ್ಯವಸ್ಥೆ ಏನು?

ಇನ್ನು ಮಾತಿಗಿಂತ ಕೆಲಸ ಬೇಕು, ಅದೂ ಈ ಮಳೆಗಾಲದಿಂದಲೇ. ಕಾವೇರಿಯ ಮುಖ್ಯ ಹರಿವಿಗಾಗಲಿ, ಅದರ ಯಾವ ಉಪನದಿಗಾಗಲಿ ಹೊರಗಿನ ಯಾವ ಮಹಶೀರ್ ಮರಿಯನ್ನೂ ಬಿಡಕೂಡದು ಎಂದು ಸರ್ಕಾರ ಆದೇಶ ಹೊರಡಿಸಲಿ. ಇದುವರೆಗೆ ಯಾವ ವರ್ಷ, ಯಾವ ಜಾಗದಲ್ಲಿ, ಎಲ್ಲಿಂದ ತಂದ, ಯಾವ ಜಾತಿಯ ಎಷ್ಟು ಮರಿ ಬಿಟ್ಟಿದ್ದಾರೆ ಎಂಬ ಪೂರ್ತಿ ಪಟ್ಟಿಯನ್ನು ಮೀನುಗಾರಿಕೆ ಇಲಾಖೆ ಜನರ ಮುಂದಿಡಲಿ. ಕಾವೇರಿಯ ಮೀನಿನ ಬಗ್ಗೆ ಮಾತಾಡುವ ಪ್ರತಿಯೊಬ್ಬ ಮಂತ್ರಿಗೂ ಪತ್ರಕರ್ತರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಯಾವ ಮಹಶೀರ್? ಮೊಯಾರ್ ಮತ್ತು ಪಾಂಬಾರ್‌ಗಳಲ್ಲಿ ಉಳಿದಿರುವ ಮೀನನ್ನು ಕಾಯಲು ಕರ್ನಾಟಕ, ತಮಿಳುನಾಡು, ಕೇರಳ ಮೂರೂ ಒಂದೇ ಮೇಜಿಗೆ ಬರಲಿ. ನೀರಿಗಾಗಿ ಕೋರ್ಟಿನಲ್ಲಿ ಎದುರಾಗುವ ರಾಜ್ಯಗಳು ಮೀನಿಗಾಗಿ ಕೂತು ಮಾತಾಡಲು ಯಾವ ನ್ಯಾಯಮಂಡಳಿಯೂ ಬೇಕಿಲ್ಲ.

ವೃಷಭಾವತಿ ಹೊತ್ತು ತರುವ ಕೊಳಚೆಯ ಒಂದು ಹನಿಯೂ ಶುದ್ಧವಾಗದೆ ಅರ್ಕಾವತಿ ಸೇರಬಾರದು. ಆರನೇ ಹಂತ, ಏಳನೇ ಹಂತ ಎಂದು ಹೊಸ ಕೊಳವೆಯ ಮಾತೆತ್ತುವ ಮುನ್ನ ಬೆಂಗಳೂರು ಈ ಸಾಲ ತೀರಿಸಲಿ. ಬಿಳಿಗುಂಡ್ಲುವಿನ ತಿಂಗಳ ಲೆಕ್ಕ ಬರೆಯುವ ಪ್ರಾಧಿಕಾರ ಮುಂಗಾರಿನ ಮೊದಲ ಹೊಸನೀರಿನ ಒಂದು ಪಾಲನ್ನು ತಡೆಯದೆ ಹರಿಯಬಿಡುವ ನಿಯಮ ಮಾಡಲಿ. ತಮಿಳುನಾಡಿಗೆ ಹೇಗೂ ಕೊಡಬೇಕಾದ ನೀರೇ ಅದು, ಮೀನು ಎದ್ದೇಳುವ ಹೊತ್ತಿಗೆ ಕೊಟ್ಟರೆ ಕರ್ನಾಟಕ ಕಳೆದುಕೊಳ್ಳುವುದೇನು? ಶಿವನಸಮುದ್ರದ ಕೆಳಗೆ ಗಂಟೆಗೊಂದು ಮಟ್ಟಕ್ಕೆ ಏರಿಳಿಯುವ ಹರಿವನ್ನು ಮೊಟ್ಟೆಯಿಡುವ ತಿಂಗಳುಗಳಲ್ಲಾದರೂ ಸ್ಥಿರವಾಗಿಡಲಿ. ಮುತ್ತತ್ತಿಯಿಂದ ಬಿಳಿಗುಂಡ್ಲುವರೆಗಿನ ಮಡುಗಳನ್ನು ಬಲ್ಲ ದಂಡೆಯ ಜನರನ್ನು ಸಂಬಳ ಕೊಟ್ಟು ಕಾವಲಿಗೂ ಎಣಿಕೆಗೂ ನೇಮಿಸಲಿ. ಮೇಕೆದಾಟುವಿನ ಯೋಜನಾ ವರದಿ ಪರಿಸರ ಅನುಮತಿಯ ಮೇಜಿಗೆ ಹೋಗುವ ದಿನ, ಈ ಜಲಾಶಯ ಕಟ್ಟಿದರೆ ಕಾವೇರಿಯ ಗೂನುಬೆನ್ನಿನ ಮಹಶೀರ್‌ನ ಮುಖ್ಯ ನೆಲೆ ಮುಳುಗುತ್ತದೆ ಎಂಬ ವಾಕ್ಯ ಅದರ ಮೊದಲ ಪುಟದಲ್ಲಿರಲಿ. ಮರಿ ಕೇಂದ್ರ ತೆರೆಯುತ್ತೇವೆ ಎಂಬ ಭರವಸೆ ಯಾವ ಪುಟದಲ್ಲಿದ್ದರೂ ಅದನ್ನು ಹರಿದು ಹಾಕುವ ಧೈರ್ಯ ಆ ಮೇಜಿನ ಹಿಂದೆ ಕೂತವರಿಗಿರಲಿ, ಅವರಿಗಿಲ್ಲದಿದ್ದರೆ ಹಾಗೆ ಮಾಡಿರೆಂದು ಒತ್ತಾಯಿಸಲು ಕಾವೇರಿಯ ನೀರು ಕುಡಿಯುವ ನಾವೆಲ್ಲ ಬೀದಿಗಿಳಿಯಬೇಕು.